ಉಪ್ಪಿನ ಗಣಿಯ ಹಾಡುಗಾರ

“ಗುರುಗಳೇ, ಬಾಯಿಬಿಟ್ಟು ಹೇಳದ ಪ್ರೀತಿಯನ್ನು ಪ್ರೀತಿಯೆಂದು ನಂಬುವುದು ಹೇಗೆ?” ಎಂದು ಗುರುಪಾದ ಕೇಳಿದ.

ಗುರುಪಾದನ ಅಣ್ಣ ಬಳೆಗಾರ. ತಾಯಿತಂದೆ ಇಲ್ಲದ ತಮ್ಮನನ್ನು ಅವನೇ ಸಾಕಿ, ಓದಲೆಂದು ಮಠಕ್ಕೆ ತಂದು ಬಿಟ್ಟಿದ್ದ. ಅವನು ತೀರಿಕೊಂಡ ಸುದ್ದಿ ಬಂದು, ಗುರುಪಾದ ಮಣ್ಣಿಗೆ ಹೋಗಿ ಅಂದೇ ಹಿಂದಿರುಗಿದ್ದ.

“ಅಲ್ಲಿ ಸೇರಿದವರೆಲ್ಲ ಅಣ್ಣನ ಮಾತನ್ನೇ ನೆನೆದು ಅತ್ತರು” ಎಂದ. “ಸಂತೆಯಲ್ಲಿ ಹೇಗೆ ನಗಿಸುತ್ತಿದ್ದ, ಬಳೆ ಇಡಿಸಿಕೊಳ್ಳುವಾಗ ಅಳುವ ಕೂಸನ್ನು ಹೇಗೆ ರಮಿಸುತ್ತಿದ್ದ ಎಂದು ಒಬ್ಬೊಬ್ಬರೂ ಹೇಳಿದರು. ನನಗೆ ನೆನೆಯಲು ಒಂದು ಮಾತೂ ಸಿಗಲಿಲ್ಲ. ಹೆಗಲಿನಿಂದ ಬಳೆಯ ಮಲಾರ ಇಳಿಸಿ ಮನೆಯೊಳಗೆ ಬಂದರೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಊರಿಗೆಲ್ಲ ಮಾತು, ನನಗೆ ಮೌನ. ನಾನು ಅವನಿಗೆ ಬೇಡವಾಗಿದ್ದೆನೇ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಉತ್ತರದ ಬೆಟ್ಟಗಳ ಸೀಮೆಯಲ್ಲಿ ಒಂದು ಉಪ್ಪಿನ ಗಣಿ ಇತ್ತು. ಸಮುದ್ರದ ಉಪ್ಪಲ್ಲ, ನೆಲದೊಳಗೆ ಬಂಡೆಯಾಗಿ ಕುಳಿತ ಉಪ್ಪು. ರಾಜರ ಕಾಲದಿಂದಲೂ ಜನ ಬೆಟ್ಟದ ಹೊಟ್ಟೆಗೆ ಇಳಿದು ಅದನ್ನು ಕಡಿದು ತರುತ್ತಿದ್ದರು. ಹಾಗೆ ಉಪ್ಪು ಕಡಿಯುವವನೊಬ್ಬ ಇದ್ದ. ಅವನಿಗೊಬ್ಬಳು ಹೆಂಡತಿ.

ಅವನು ಹೊತ್ತು ಹುಟ್ಟುವ ಮೊದಲು ಗಣಿ ಹೊಕ್ಕರೆ ಹೊತ್ತು ಇಳಿಯುವಾಗ ಹೊರಗೆ ಬರುತ್ತಿದ್ದ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಮದುವೆಯಾದ ಹೊಸತರಲ್ಲಿ ಅವಳು, “ನನ್ನ ಗಂಡ ದಿನಾ ಬೆಳಗ್ಗೆ ಹರೆಯದವನಾಗಿ ಹೋಗಿ ಸಂಜೆ ಮುದುಕನಾಗಿ ಬರುತ್ತಾನೆ” ಎಂದು ನೆರೆಯವರ ಹತ್ತಿರ ಹೇಳಿ ನಗುತ್ತಿದ್ದಳು. ಎರಡು ಚೆಂಬು ಬಿಸಿನೀರು ಹುಯ್ದರೆ ಮತ್ತೆ ಹರೆಯದವನಾಗುತ್ತಿದ್ದ. ಆ ನೀರು ಹರಿದ ಕಡೆ ಹುಲ್ಲೂ ಹುಟ್ಟುತ್ತಿರಲಿಲ್ಲ. ಅವಳು ಹಿತ್ತಿಲಲ್ಲಿ ಹಾಕಿದ ಕುಂಬಳದ ಬಳ್ಳಿ ಎರಡು ಸಲ ಸುಟ್ಟುಹೋಯಿತು. ಆಮೇಲೆ ಬಚ್ಚಲ ನೀರಿಗೆ ಬೇರೆ ಕಾಲುವೆ ತೋಡಿ, ಮತ್ತೆ ಬೀಜ ಊರಿದಳು.

ಮಿಂದ ಮೇಲೆ ಅವನು ಬಾಗಿಲ ಪಕ್ಕದ ಕಲ್ಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಅವಳು ರೊಟ್ಟಿ ತಟ್ಟುತ್ತ ದಿನದ ಸುದ್ದಿ ಹೇಳುತ್ತಿದ್ದಳು. ಮೇಕೆ ಮರಿ ಹಾಕಿದ್ದು, ನೆರೆಮನೆಯ ಅತ್ತೆ ಸೊಸೆ ಒಂದು ಜರಡಿಗಾಗಿ ಜಗಳವಾಡಿದ್ದು, ಬಳ್ಳಿ ಚಪ್ಪರಕ್ಕೆ ಹಬ್ಬಿದ್ದು. ಅವನು “ಹೂಂ” ಎನ್ನುತ್ತಿದ್ದ. ಕೆಲವೊಮ್ಮೆ ಅದೂ ಇಲ್ಲ. ಮಾತು ಅವನ ಕಿವಿಗೆ ಬಿತ್ತೋ ಗೋಡೆಗೆ ಬಿತ್ತೋ ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಅವಳಿಗೆ ಸಾಕಾಯಿತು. ಬೇಳೆಗೆ ಉಪ್ಪು ಹಾಕದೆ ಬಡಿಸಿದಳು. ಬೈಯುವುದಕ್ಕಾದರೂ ಬಾಯಿ ತೆರೆಯುತ್ತಾನಲ್ಲ ಎಂದು ಕಾದು ನಿಂತಳು. ಅವನು ಒಂದು ತುತ್ತು ಉಂಡು ಅವಳ ಮುಖ ನೋಡಿದ. ಮತ್ತೆ ತಲೆ ತಗ್ಗಿಸಿ ಪೂರ್ತಿ ಉಂಡ. ಕೈ ತೊಳೆದು ಮಲಗಿದ. ಅವಳು ಒಲೆಯ ಮುಂದೆ ಕುಳಿತು ಅತ್ತಳು. ಈ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಇಂಥದನ್ನು ಹೇಳುವುದಾದರೂ ಯಾರಿಗೆ?

ವರ್ಷಗಳು ಹೋದವು. ಇದ್ದ ಒಬ್ಬ ಮಗಳನ್ನು ಬಯಲಿನ ಊರಿಗೆ ಮದುವೆ ಮಾಡಿ ಕೊಟ್ಟರು. ಗಣಿಯ ಕೆಲಸ ನಿಂತಿತು. ಸ್ವಲ್ಪ ಕಾಲಕ್ಕೆ ಅವನೂ ಮಲಗಿದ. ಕೊನೆಯ ದಿನವೂ ಮಾತಿಲ್ಲ. ಅವಳ ಮೊಣಕೈ ಹಿಡಿದುಕೊಂಡಿದ್ದ, ಅಷ್ಟೆ.

ಅವಳು ಮಗಳ ಮನೆಗೆ ಬಂದಳು. ಮಗಳು ಚೆನ್ನಾಗಿ ನೋಡಿಕೊಂಡಳು. ಆದರೂ ಹೊತ್ತು ಇಳಿಯುವಾಗ ಅವಳ ಕೈ ಬಿಸಿನೀರಿನ ಹಂಡೆಯ ಕಡೆಗೆ ತಾನಾಗಿ ಹೋಗುತ್ತಿತ್ತು. ಬೆಳ್ಳಗಿನ ಹುಬ್ಬು ನೆನಪಾಗುತ್ತಿತ್ತು. ಆ “ಹೂಂ” ಕೂಡ ಬೇಕೆನಿಸುತ್ತಿತ್ತು. ಗಂಡನನ್ನು ನೆನೆದಾಗಲೆಲ್ಲ ಅವಳಿಗೆ ಹಂಬಲವೂ ಸಿಟ್ಟೂ ಜೊತೆಯಲ್ಲೇ ಬರುತ್ತಿದ್ದವು. ಹಂಬಲಿಸೋಣವೆಂದರೆ ಸಿಟ್ಟು ಅಡ್ಡ ಬರುತ್ತಿತ್ತು. ಸಿಟ್ಟಾಗೋಣವೆಂದರೆ ಆ ಮನುಷ್ಯನೇ ಇಲ್ಲ.

ಹೀಗಿರುವಾಗ ಹಳೆಯ ಗಣಿಯನ್ನು ನೋಡಲು ಜನರನ್ನು ಬಿಡುತ್ತಾರೆಂಬ ಸುದ್ದಿ ಬಂತು. ಒಳಗೆ ದೀಪ ಹಾಕಿದ್ದಾರೆ, ಟಿಕೆಟು ಕೊಂಡರೆ ಒಬ್ಬ ಮನುಷ್ಯ ಜೊತೆಗೆ ಬಂದು ಎಲ್ಲ ತೋರಿಸುತ್ತಾನೆ ಎಂದರು. “ಹೋಗಿ ಬರೋಣ ನಡಿಯವ್ವ, ಅಪ್ಪ ದುಡಿದ ಜಾಗ” ಎಂದಳು ಮಗಳು. ತಾಯಿ ಅದರ ಬಾಗಿಲಿನವರೆಗೆ ಬುತ್ತಿ ಕೊಂಡುಹೋದವಳೇ ಹೊರತು ಒಳಗೆ ಕಾಲಿಟ್ಟವಳಲ್ಲ. ಹೆಂಗಸರು ಹೊಕ್ಕರೆ ಉಪ್ಪು ನೀರಾಗುತ್ತದೆಂದು ಆಗ ಹೇಳುತ್ತಿದ್ದರು.

ತಾಯಿ ಮಗಳು ಇಬ್ಬರೂ ಹೋದರು. ದಾರಿ ತೋರಿಸುವವನು ತಲೆ ನರೆತ ಮನುಷ್ಯ. ಎಲ್ಲರ ತಲೆಗೂ ಟೋಪಿ ಕೊಟ್ಟ, ಸಾಲಾಗಿ ಬನ್ನಿ ಎಂದ. ತಾಯಿಯ ಮನಸ್ಸಿನಲ್ಲಿ ಗಣಿಯೆಂದರೆ ಇಲಿಯ ಬಿಲ. ಒಳಗೆ ನೋಡಿದರೆ ಕಂಬ ನಿಲ್ಲಿಸಿದ ಹಜಾರ. ಗೋಡೆಯೆಲ್ಲ ನಸುಗೆಂಪು, ದೀಪ ಬಿದ್ದ ಕಡೆ ಮಿಂಚು. ಒಂದು ಕಡೆ ಕೊಳದಂತೆ ನೀರು ನಿಂತಿತ್ತು. ಅವಳು ಗೋಡೆ ಮುಟ್ಟಿ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು. ಗಂಡನ ಅಂಗಿ ಒಗೆಯುವಾಗ ತುಟಿಗೆ ಹಾರುತ್ತಿದ್ದ ಹನಿಯ ರುಚಿ. ಅವಳು ಅಲ್ಲೇ ನಿಂತಳು. ಮಗಳು ಕೈ ಹಿಡಿದು ನಡೆಸಿದಳು.

ಒಂದು ತಿರುವಿನಲ್ಲಿ ಆ ಮನುಷ್ಯ ನಿಂತ. ಗೋಡೆಯಲ್ಲಿ ಒಬ್ಬ ಆಳು ನಿಲ್ಲುವಷ್ಟು ಗೂಡು ಕಡಿದಿತ್ತು.

“ಇದಕ್ಕೆ ನಾವು ಹಾಡುಗಾರನ ಮೂಲೆ ಅನ್ನುತ್ತಿದ್ದೆವು” ಎಂದ. “ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಇಲ್ಲೊಬ್ಬ ಅಣ್ಣ ಇದ್ದ. ಕೆಲಸ ಶುರುವಾದಾಗಿನಿಂದ ಮುಗಿಯುವವರೆಗೆ ಹಾಡೇ ಹಾಡು. ಕಲಿತ ಹಾಡಲ್ಲ, ತಾನೇ ಕಟ್ಟಿದ್ದು. ಅವನು ಹಾಡಿದರೆ ಗಣಿಯೆಲ್ಲ ನಗುತ್ತಿತ್ತು. ಒಂದು ಕೇಳಿ.” ಗಂಟಲು ಸರಿಮಾಡಿಕೊಂಡು ಹಾಡಿದ:

ಉಪ್ಪಿನ ಗುಡ್ಡಾವ ದಿನವೆಲ್ಲ ಕಡದೀನಿ
ಸಪ್ಪನ ಬ್ಯಾಳಿ ಬಡಿಸ್ಯಾಳ | ನನ ಮಡದಿ
ತಪ್ಪೇನು ಮಾಡೀನಿ ತಿಳಿಯಾದು

ಜನ ನಕ್ಕರು. ಮಗಳೂ ನಕ್ಕಳು. ಅಪ್ಪ ಹಾಡಿದ್ದನ್ನು ಎಂದೂ ಕೇಳದ ಅವಳಿಗೆ ಅದು ಯಾರೋ ಒಬ್ಬನ ಹಾಡು.

ತಾಯಿ ಮಾತ್ರ ನಗಲಿಲ್ಲ. ಆ ಬೇಳೆಯ ಸಂಗತಿ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಹಾಡು ಗಂಡನದೇ ಎಂದು ತಿಳಿದ ಕೂಡಲೇ ಅವಳಿಗೆ ಸಿಟ್ಟು ಉಕ್ಕಿತು. ನಾನು ಒಲೆಯ ಮುಂದೆ ಅತ್ತದ್ದು ಇಲ್ಲಿ ಹಾಡಾಗಿತ್ತು. ಕಂಡವರೆಲ್ಲ ಕೇಳಿ ನಕ್ಕಿದ್ದರು. ಇವರಿಗೆಲ್ಲ ಹಾಡು, ನನಗೆ ಬರಿಯ “ಹೂಂ”. ದುಡಿದು ದಣಿದ ಮೈಯನ್ನು ಮಾತ್ರ ಮನೆಗೆ ತಂದು, ಒಳ್ಳೆಯದನ್ನೆಲ್ಲ ಇಲ್ಲೇ ಖರ್ಚು ಮಾಡಿದನಲ್ಲ ಎಂದುಕೊಂಡಳು. ಜನ ಮುಂದೆ ಹೋದರು. ಅವಳು ಹಿಂದೆ ಉಳಿದು ಉಳಿದು ನಡೆದಳು.

ಅತ್ಯಂತ ಆಳದ ಹಜಾರದಲ್ಲಿ ಆ ಮನುಷ್ಯ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದ. “ಈಗ ದೀಪ ಆರಿಸುತ್ತೇನೆ. ಹಿಂದೆ ನಮ್ಮ ಎಣ್ಣೆದೀಪ ಆರಿದರೆ ಹೇಗಿರುತ್ತಿತ್ತು ಎಂದು ನೀವೂ ನೋಡಿ. ಯಾರೂ ಅಲುಗಬೇಡಿ” ಎಂದ.

ದೀಪ ಆರಿತು.

ಅಂಥ ಕತ್ತಲೆಯನ್ನು ಅವಳು ಕಂಡಿರಲಿಲ್ಲ. ಅಮಾವಾಸ್ಯೆಯ ಕತ್ತಲೆಯಲ್ಲೂ ಏನೋ ಒಂದು ಕಾಣುತ್ತದೆ. ಇಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎಲ್ಲೋ ಒಂದು ಹನಿ ಬಿತ್ತು. ತಲೆಯ ಮೇಲೆ ಇಡೀ ಬೆಟ್ಟ ಇದೆ ಎಂಬುದು ಅವಳಿಗೆ ಆಗ ಹೊಳೆಯಿತು. ಯಾರೋ ಕೆಮ್ಮಿದರು. ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಸಿನಿಮಾ ಹಾಡು ಗುನುಗತೊಡಗಿದ. ನಡುವೆ ಒಬ್ಬ ಹೆಂಗಸು ಬಡಬಡಿಸುತ್ತಿದ್ದಳು. “ಒಲೆ ಆರಿಸಿದೆಯೇನೇ, ಹಾಲಿನ ಮೇಲೆ ತಟ್ಟೆ ಮುಚ್ಚಿದೆಯಾ, ಮೇಕೆಗೆ ನೀರಿಟ್ಟೆಯಾ?” ಆ ದನಿ ತನ್ನದೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಯಾವ ಮೇಕೆಯವ್ವ?” ಎಂದಳು ಮಗಳು. ದೀಪ ಹತ್ತಿತು.

ತಾಯಿಯ ಮುಖ ಬಿಳಿಚಿತ್ತು. ಅವಳು ನೆಟ್ಟಗೆ ಆ ಮನುಷ್ಯನ ಹತ್ತಿರ ಹೋದಳು.

“ಆ ಬೇಳೆ ಬಡಿಸಿದವಳು ನಾನೇ ನೋಡಪ್ಪ” ಎಂದಳು.

ಅವನು ಅವಳನ್ನು ಅರೆಗಳಿಗೆ ನೋಡಿದ. ಆಮೇಲೆ ಬಾಗಿ ಕಾಲು ಮುಟ್ಟಿದ.

“ಅತ್ತಿಗೆ! ನೀವು ಯಾರೆಂದು ತಿಳಿಯದೆ ಹಾಡಿಬಿಟ್ಟೆ. ನಿಮ್ಮ ಮನೆಯ ಸುದ್ದಿಯೆಲ್ಲ ಆಗ ನಮಗೆ ಬಾಯಿಪಾಠವಾಗಿತ್ತು. ಜರಡಿಯ ಜಗಳ, ಮೇಕೆಯ ಮರಿ, ಬಳ್ಳಿ ಸುಟ್ಟದ್ದು. ಸಂಜೆ ನೀವು ಹೇಳಿದ್ದು ಬೆಳಗ್ಗೆ ಇಲ್ಲಿ ಹಾಡಾಗುತ್ತಿತ್ತು.”

“ನಮ್ಮ ಮನೆಯಲ್ಲಿ ಅವರು ಒಂದು ದಿನವೂ ಹಾಡಲಿಲ್ಲ” ಎಂದಳು ಅವಳು. “ಇಲ್ಲಿ ಇಷ್ಟು ಸಂತೋಷ ಅವರಿಗೆ ಎಲ್ಲಿಂದ ಬರುತ್ತಿತ್ತು?”

“ಸಂತೋಷಕ್ಕೆ ಇಲ್ಲಿ ಯಾರು ಹಾಡುತ್ತಿದ್ದರು ಅತ್ತಿಗೆ?” ಎಂದ ಅವನು. “ಒಬ್ಬೊಬ್ಬರು ಒಂದೊಂದು ಗೂಡಿನಲ್ಲಿ ಕಡಿಯುತ್ತಿದ್ದೆವು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ದನಿ ಕೇಳಿದರೆ ಆಳು ಇದ್ದಾನೆ, ದನಿ ನಿಂತರೆ ಮೇಲಿನ ಉಪ್ಪು ಬಿದ್ದಿದೆ, ಓಡಬೇಕು. ಅದಕ್ಕೆ ಎಲ್ಲರೂ ಏನಾದರೊಂದು ಸದ್ದು ಮಾಡುತ್ತಿದ್ದೆವು. ಅಣ್ಣನಿಗೆ ಹೆದರಿಕೆ ನಮ್ಮೆಲ್ಲರಿಗಿಂತ ಹೆಚ್ಚು. ಅದಕ್ಕೇ ಅಷ್ಟು ದೊಡ್ಡ ದನಿ. ಸಂಜೆ ಬಾಗಿಲು ದಾಟಿದ ಕೂಡಲೇ ಬಾಯಿ ಮುಚ್ಚುತ್ತಿದ್ದ. ‘ದಾರಿ ಸಾಗಲಿ, ಒಂದು ಹಾಡು ಹೇಳಣ್ಣ’ ಅಂದರೆ, ‘ಮನೆಗೆ ಹೊರಟೆನಲ್ಲ, ಇನ್ಯಾಕೆ’ ಅನ್ನುತ್ತಿದ್ದ.”

“ನನಗೂ ಒಂದು ಮಾತು ಬೇಕಾಗಿತ್ತಪ್ಪ” ಎಂದಳು. ಅವನು ನೆಲ ನೋಡಿದ.

ಹಿಂದಿರುಗುವ ದಾರಿಯಲ್ಲಿ ಅವಳು ಆ ಗೂಡಿನ ಮುಂದೆ ನಿಂತಳು. ಉಪ್ಪಿನ ಮೇಲೆ ಗುದ್ದಲಿಯ ಗುರುತುಗಳು ಇನ್ನೂ ಇದ್ದವು. ಒಂದರ ಮೇಲೆ ಅಂಗೈ ಇಟ್ಟಳು. “ಬಳ್ಳಿಯ ಹಾಡು ನೆನಪಿದೆಯಾ?” ಎಂದು ಕೇಳಿದಳು. ಅವನು ಸಣ್ಣ ದನಿಯಲ್ಲಿ ಹಾಡಿದ. ಅದರಲ್ಲಿ ಬಳ್ಳಿ ಸುಟ್ಟಿತ್ತು, ಮಡದಿ ಬೈದಿದ್ದಳು, ಹೊಸ ಕಾಲುವೆಯಲ್ಲಿ ನೀರು ಹರಿದಿತ್ತು, ಕಡೆಗೆ ಕಾಯಿ ಬಿಟ್ಟಿತ್ತು. ಅವಳು ಹೇಳಿದ್ದರಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಅವಳು ನಕ್ಕಳು, ನಗುತ್ತಲೇ ಅತ್ತಳು. ಆ ಹಾಡುಗಾರ ತನ್ನ ಅಪ್ಪನೇ ಎಂಬುದು ಮಗಳಿಗೆ ಆಗ ಮನಸ್ಸಿಗಿಳಿಯಿತು. ಸೆರಗು ಬಾಯಿಗೊತ್ತಿಕೊಂಡು ಅವಳೂ ಅಲ್ಲೇ ಕುಳಿತಳು.

ಊರಿಗೆ ಮರಳುವ ಬಸ್ಸಿನಲ್ಲಿ ಸ್ವಲ್ಪ ಹೊತ್ತಿಗೆ ಮಗಳು ತಾಯಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದಳು. ಬೆಟ್ಟ ಹಿಂದೆ ಸರಿಯಿತು. ಹಳೆಯ ಸಂಜೆಗಳು ಒಂದೊಂದಾಗಿ ತಾಯಿಯ ಮುಂದೆ ಬಂದವು. ಗೋಡೆಗೆ ಕೊಟ್ಟ ಬೆನ್ನು, ಮಡಿಲಲ್ಲಿ ಸುಮ್ಮನೆ ಬಿದ್ದ ಕೈ, ಅರೆಮುಚ್ಚಿದ ಕಣ್ಣು. ಅವೇ ಸಂಜೆಗಳು, ಅದೇ ಮೌನ. ಈ ಸಲ ಸಿಟ್ಟು ಬರಲಿಲ್ಲ. ಹಂಬಲವೊಂದೇ ಬಂತು, ಮೊದಲಿಗಿಂತ ಹೆಚ್ಚಾಗಿ ಬಂತು. ಅವಳು ಅದನ್ನು ತಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದನ ಕಣ್ಣು ತುಂಬಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. “ಅವಳೇನೋ ಹೋಗಿ ತಿಳಿದುಕೊಂಡಳು ಗುರುಗಳೇ. ಹೋಗದಿದ್ದರೆ? ಇಷ್ಟು ವರ್ಷದಲ್ಲಿ ಒಂದೇ ಒಂದು ಸಂಜೆ ಅವನು ಅವಳ ಮುಂದೆ ಕುಳಿತು ಹಾಡಬಹುದಿತ್ತಲ್ಲ?” ಎಂದ.

ಗುರುಗಳು ಹೇಳಿದರು: “ಹಾಡಿದ್ದರೆ, ಮನೆಯಲ್ಲೂ ಅವನಿಗೆ ಹೆದರಿಕೆಯಿತ್ತು ಎಂದಾಗುತ್ತಿತ್ತು.”