ಹೈನಿಯ ವೇತುರ್

ಐಸ್‌ಲ್ಯಾಂಡಿನ ಉತ್ತರದ ಒಂದು ಕಣಿವೆಯಲ್ಲಿ, ಸಮುದ್ರದ ಕಡೆಗೆ ಬೆನ್ನು ತಿರುಗಿಸಿ ನಿಂತ ಬೋಳುಗುಡ್ಡವೊಂದಿದೆ. ಅದಕ್ಕೆ ‘ಹೈನಿಯ ವೇತುರ್’ ಎಂದು ಹೆಸರು. ವೇತುರ್ ಎಂದರೆ ಚಳಿಗಾಲ. ಐಸ್‌ಲ್ಯಾಂಡಿನವರೂ ಪಕ್ಕದ ಫಾರೋ ದ್ವೀಪಗಳವರೂ ಅದನ್ನು ಇದೇ ಪದದಿಂದ ಕರೆಯುತ್ತಾರೆ. ಗುಡ್ಡದ ಹೆಸರು ಕೇಳಿದ ಪರಊರಿನವರು ಹೈನಿ ಎಂಬ ವೀರನೊಬ್ಬ ಇಲ್ಲಿ ಹಿಮದೊಡನೆ ಹೋರಾಡಿ ಗೆದ್ದಿರಬೇಕು ಎಂದುಕೊಳ್ಳುವುದುಂಟು. ಕಣಿವೆಯ ಹಿರಿಯರು ಆ ಮಾತಿಗೆ ಮೂಗು ಮುರಿಯುತ್ತಾರೆ. ಹೈನಿ ವೀರನಲ್ಲ, ಬಾಯಿಬಡುಕ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಗುಡ್ಡದ ಬುಡದ ಮನೆಯಲ್ಲಿ ರನ್‌ವೇಗ್ ಎಂಬ ಹೆಣ್ಣುಮಗಳಿದ್ದಳು. ತಂದೆ ಸಾಯುವಾಗ ಅವಳಿಗೆ ಬಿಟ್ಟುಹೋದದ್ದು ಅರವತ್ತು ಕುರಿಗಳು. ಅವೇ ಅವಳ ಊಟ, ಬಟ್ಟೆ, ಮರ್ಯಾದೆ. ಫಾರೋ ದ್ವೀಪದಿಂದ ದೋಣಿಯಲ್ಲಿ ಬಂದ ಹೈನಿಯನ್ನು ಅವಳು ಮದುವೆಯಾದಳು. ನೋಡಲು ಚೆಲುವ, ಮಾತಿನಲ್ಲಿ ಮಲ್ಲ. ಬೇಸಿಗೆಯಲ್ಲಿ ಊರೆಲ್ಲ ಹುಲ್ಲು ಕೊಯ್ದು ಒಣಗಿಸುತ್ತಿದ್ದರೆ ಈತ ಅರ್ಧ ಹುಲ್ಲುಗಾವಲು ಕೊಯ್ದು, ಕುಡುಗೋಲನ್ನು ಗೋಡೆಗೆ ಸಿಕ್ಕಿಸಿ ಮೀನು ಹಿಡಿಯಲು ಹೋದ. ಆ ಕಣಿವೆಯಲ್ಲೊಂದು ಪದ್ಧತಿಯಿತ್ತು. ಶರತ್ಕಾಲದಲ್ಲಿ ಊರಿನ ಹಿರಿಯ ಮನೆಮನೆಗೆ ಹೋಗಿ, ಹುಲ್ಲಿನ ಬಣವೆಯೊಳಗೆ ತೋಳು ತೂರಿಸಿ ನೋಡಿ, ಈ ಹುಲ್ಲಿಗೆ ಇಷ್ಟು ಕುರಿ ಚಳಿಗಾಲ ದಾಟುತ್ತವೆ ಎಂದು ಹೇಳುತ್ತಿದ್ದ. ಉಳಿದವನ್ನು ಕಡಿದು ಮಾಂಸಕ್ಕೆ ಉಪ್ಪು ಹಾಕಿಡಬೇಕು. ಆ ವರ್ಷ ಥೋರ್ಗಿಲ್ಸ್ ಎಂಬ ಮುದುಕ ಹೈನಿಯ ಬಣವೆಗೆ ಕೈ ಹಾಕಿದ. ಮೊಣಕೈ ಮುಳುಗುವ ಮೊದಲೇ ಬೆರಳು ಹಿಂದಿನ ಗೋಡೆಗೆ ತಾಗಿತು. ಹನ್ನೆರಡು, ಎಂದ.

ಹೈನಿ ಅಂಗಳದಲ್ಲಿ ನಿಂತವರೆಲ್ಲ ಕೇಳುವಂತೆ ನಕ್ಕ. “ನಮ್ಮ ದ್ವೀಪಕ್ಕೂ ವೇತುರ್ ಬರುತ್ತೆ, ಥೋರ್ಗಿಲ್ಸ್. ಅಲ್ಲಿ ಕುರಿಗಳು ಚಳಿಗಾಲ ಪೂರ್ತಿ ಗುಡ್ಡದ ಮೇಲೇ ಮೇಯ್ತವೆ. ನಿಮ್ಮವು ಕುರಿಗಳೋ, ಬಾಣಂತಿಯರೋ?”

ಅವನು ಹೇಳಿದ್ದು ಸುಳ್ಳಲ್ಲ. ಅವನ ದ್ವೀಪದಲ್ಲಿ ಹಿಮ ಬಿದ್ದರೂ ಬೇಗ ಕರಗುತ್ತದೆ. ಆದರೆ ಬಂದ ಊರಿನ ಆಕಾಶ ತನ್ನ ಊರಿನದ್ದಲ್ಲ ಎಂಬಷ್ಟು ಬುದ್ಧಿ ಅವನಿಗಿರಲಿಲ್ಲ. ರನ್‌ವೇಗ್‌ಗೆ ಎಲ್ಲ ಗೊತ್ತಿತ್ತು. ನಾಲ್ಕು ಜನರ ಮುಂದೆ ಗಂಡನನ್ನು ಬಿಟ್ಟುಕೊಡಲು ಮನಸ್ಸಾಗದೆ ಸುಮ್ಮನಿದ್ದಳು. ಆ ಮೌನಕ್ಕಾಗಿ ಕೊನೆಯವರೆಗೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಜನ ಹೋದ ಮೇಲೆ ಹನ್ನೆರಡು ಗಟ್ಟಿಮುಟ್ಟಾದ ಹೆಣ್ಣುಕುರಿಗಳನ್ನು ತಾನೇ ಆರಿಸಿ ಕೊಟ್ಟಿಗೆಗೆ ಕೂಡಿದಳು. ಉಳಿದ ನಲವತ್ತೆಂಟನ್ನು ಹೈನಿ ಶಿಳ್ಳೆ ಹಾಕುತ್ತ ಗುಡ್ಡಕ್ಕೆ ಅಟ್ಟಿದ.

ಕ್ರಿಸ್‌ಮಸ್ ಕಳೆದ ಮೇಲೆ ಹಿಮದ ಮೇಲೆ ಮಳೆ ಸುರಿದು, ಮರುದಿನವೇ ಎಲ್ಲ ಹೆಪ್ಪುಗಟ್ಟಿತು. ಗುಡ್ಡವೆಲ್ಲ ಗಾಜು. ಹುಲ್ಲು ಕೆಳಗೇ ಕಾಣುತ್ತಿತ್ತು, ಗೊರಸಿಗೆ ಸಿಗುತ್ತಿರಲಿಲ್ಲ. ಹೈನಿ ಗುದ್ದಲಿ ಹಿಡಿದು ಒಡೆದ. ಒಂದು ಕುರಿಯ ಹೊಟ್ಟೆಗೆ ಸಾಲುವಷ್ಟು ಜಾಗ ಒಡೆಯಲು ಅರ್ಧ ದಿನ ಬೇಕಾಯಿತು. ಮನೆಮನೆಗೆ ಹೋಗಿ ಹುಲ್ಲು ಬೇಡಿದ. ಅವರವರ ಹುಲ್ಲು ಅವರವರ ಕುರಿಗಳಿಗಷ್ಟೇ ಇತ್ತು. ಕೊನೆಗೆ ತನ್ನದೇ ಕೊಟ್ಟಿಗೆಯ ಮುಂದೆ ಬಂದು ನಿಂತು, ಬಾಗಿಲು ತೆಗೆ, ಇರುವುದನ್ನು ಹಂಚೋಣ ಎಂದ. ರನ್‌ವೇಗ್ ಅಗುಳಿಯ ಮೇಲಿಂದ ಕೈ ತೆಗೆಯಲಿಲ್ಲ.

“ಹಂಚಿದ್ರೆ ಅರವತ್ತೂ ಸಾಯ್ತವೆ. ನಿನ್ನವನ್ನ ನೀನೇ ನೋಡ್ಕೋ. ನಿಮ್ಮೂರಲ್ಲಿ ಅವು ಹೊರಗೇ ಬದುಕ್ತವಲ್ಲ.”

ಹಿಮ ಕರಗಿದಾಗ ನಲವತ್ತೆಂಟೂ ಇಳಿಜಾರಿನ ಉದ್ದಕ್ಕೂ ಬಿದ್ದಿದ್ದವು. ಹಸಿವಿಗೆ ಒಂದರ ಮೈಯ ಉಣ್ಣೆಯನ್ನು ಇನ್ನೊಂದು ತಿಂದಿತ್ತು. ನೋಡಲು ಬಂದವರಲ್ಲಿ ಯಾರೋ, ಇದು ಹೈನಿಯ ವೇತುರ್ ಎಂದರು. ಹೆಸರು ಅಂದೇ ಅಂಟಿತು. ರನ್‌ವೇಗ್ ಕೂಡ ಹಾಗೆಯೇ ಅನ್ನತೊಡಗಿದಳು. ಮನೆಯಲ್ಲಿ ಅವನ ದನಿ ಏರಿದರೆ ಸಾಕು, ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಿದ್ದಳು.

ಆಮೇಲಿನ ಇಪ್ಪತ್ತೇಳು ಬೇಸಿಗೆಗಳಲ್ಲಿ ಹೈನಿ ಮೀನಿಗೆ ಹೋಗಲಿಲ್ಲ. ಬಂಡೆಗಳ ಸಂದಿನ ಹುಲ್ಲನ್ನೂ ಬಿಡದೆ ಕೊಯ್ದ. ಒಂದು ವರ್ಷ ವಸಂತ ಬರುವುದು ತೀರ ತಡವಾಗಿ, ಗುಡ್ಡದ ಹೆಸರು ಹೇಳಿ ಅವನನ್ನು ನೋಡಿ ನಕ್ಕವರ ಪೈಕಿಯೇ ಮೂರು ಮನೆಗಳ ಹುಲ್ಲು ಮುಗಿಯಿತು. ಹೈನಿ ಬಣವೆ ಬಿಚ್ಚಿ, ಏನೂ ಮಾತಾಡದೆ, ಹೊರೆ ಕಟ್ಟಿಕೊಟ್ಟ. ದಾರಿಯಲ್ಲಿ ಯಾರೋ ಈ ಹುಲ್ಲು ಎಲ್ಲಿಯದು ಎಂದು ಕೇಳಿದ್ದಕ್ಕೆ, ಹೊತ್ತುಕೊಂಡು ಹೋಗುತ್ತಿದ್ದವರು ‘ಹೈನಿಯ ವೇತುರ್ ಕೆಳಗಿನ ಮನೆಯದು’ ಎಂದು ನಕ್ಕರಂತೆ. ಅದು ರನ್‌ವೇಗ್ ಕಿವಿಗೆ ಬಿತ್ತು. ಅಂದಿನಿಂದ ಆ ಹೆಸರು ಅವಳ ಬಾಯಲ್ಲಿ ಬರಲಿಲ್ಲ, ಆ ಮೂರು ಮನೆಗಳ ಹೊಸ್ತಿಲನ್ನು ಅವಳು ತುಳಿಯಲೂ ಇಲ್ಲ ಎನ್ನುತ್ತಾರೆ.

ಈಗ ಅಲ್ಲಿಗೆ ಹೋದವರಿಗೆ ಗುಡ್ಡದ ಹೆಸರು ಬರೆದ ಫಲಕ ಸಿಗುತ್ತದೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಳಗೆ ಹೈನಿ ಬಣವೆ ಒಟ್ಟಲು ಕಟ್ಟಿದ ಕಲ್ಲಿನ ಆವರಣ ಪಾಚಿ ಹಿಡಿದು ನಿಂತಿದೆ. ಕಣಿವೆಯಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ಅದಕ್ಕೇನು ಹೆಸರು ಎಂದು ಕೇಳಿದರೆ, ಅದಕ್ಕೆ ಹೆಸರಿಲ್ಲ ಎನ್ನುತ್ತಾರೆ.