ಬೆನ್ನಿನ ಮಣ್ಣು

"ತಾಯಿ, ಗರಡಿಯ ವಿದ್ಯೆ ನಿಜವಾಗಿಯೂ ಯುದ್ಧದಿಂದ ಬಂದದ್ದೇ? ಅಥವಾ ಬರೀ ಆಟವೇ?"

ಕೇಳಿದವನು ಗುರುಮಾತೆಯ ಶಿಷ್ಯ, ಗರಡಿಯಲ್ಲಿ ಮೈ ಬೆಳೆಸಿದ ಯುವಕ. ಸಂತೆಯಲ್ಲಿ ಒಬ್ಬ ಸಿಪಾಯಿ ಅವನನ್ನು ಹೀಯಾಳಿಸಿದ್ದ: "ನಿಮ್ಮದು ಮಣ್ಣಲ್ಲಿ ಹೊರಳುವ ವಿದ್ಯೆ ಕಣಯ್ಯಾ. ಎಮ್ಮೆಗೂ ಬರುತ್ತದೆ." ಅಂದಿನಿಂದ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ದಂಡಿಗೆ ಸೇರಿ ತೋರಿಸಿಬಿಡುತ್ತೇನೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ.

ಹತ್ತಾರು ಊರುಗಳ ನೀರು ಕುಡಿದ ಗುರುಮಾತೆ ಗಂಟನ್ನು ನೋಡಿದಳು. ನಕ್ಕಳು. ಕೂರಲು ಹೇಳಿ ಕತೆ ತೆಗೆದಳು.

ಒಂದು ರಾಜ್ಯದಲ್ಲಿ ಒಬ್ಬ ಜಟ್ಟಿ ಇದ್ದ. ಅವನ ಮನೆತನಕ್ಕೆಂದೇ ಒಂದು ಪಟ್ಟು ಇತ್ತು. ಎದುರಾಳಿಯ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಸೊಂಟ ತಿರುಗಿಸಿ ಕೆಡಹುವುದು. ಹಿಂದೆ ಯಾವುದೋ ಯುದ್ಧದಲ್ಲಿ ಕತ್ತಿ ಮುರಿದಾಗ ಅವನ ಮುತ್ತಜ್ಜನ ಮುತ್ತಜ್ಜ ಆ ಪಟ್ಟಿನಿಂದಲೇ ಶತ್ರುಗಳ ಕತ್ತು ಮುರಿದಿದ್ದನಂತೆ. ಎಷ್ಟು ಕತ್ತು ಎಂಬುದು ಹೇಳುವವರ ಬಾಯಿಗೆ ಬಿಟ್ಟದ್ದು. ಊಟಕ್ಕೆ ಮೊದಲು ಕಡಿಮೆ, ಊಟವಾದ ಮೇಲೆ ಹೆಚ್ಚು.

ಅವರ ಗರಡಿಯಲ್ಲಿ ಒಂದು ಪದ್ಧತಿ. ಬೆನ್ನು ಮಣ್ಣಿಗೆ ತಾಗಿದ ಕೂಡಲೇ ಗೆದ್ದವನು ಹಿಡಿತ ಬಿಡಬೇಕು. ಸೋತವನನ್ನು ಕೈ ಹಿಡಿದು ಎಬ್ಬಿಸಬೇಕು. ಅವನ ಬೆನ್ನಿನ ಮಣ್ಣನ್ನು ತನ್ನ ಅಂಗೈಯಿಂದ ಒರೆಸಬೇಕು. ಒರೆಸದಿದ್ದರೆ ಗೆಲುವು ಗೆಲುವಲ್ಲ. ಜಟ್ಟಿ ಬುದ್ಧಿ ತಿಳಿದಂದಿನಿಂದ ದಿನವೂ ಇದನ್ನೇ ಮಾಡಿದ್ದ.

ನೆರೆಯ ಅರಸ ದಂಡೆತ್ತಿ ಬಂದ. ಜಟ್ಟಿ ತನ್ನ ಅರಸನ ಮುಂದೆ ನಿಂತು, 'ನಮ್ಮ ವಿದ್ಯೆ ಹುಟ್ಟಿದ್ದೇ ರಣರಂಗದಲ್ಲಿ. ನನಗೆ ಕತ್ತಿ ಬೇಡ' ಎಂದ. ಅರಸನಿಗೂ ಒಂದು ಕತ್ತಿ ಉಳಿಯಿತು.

ಯುದ್ಧ ಒಣಗಿದ ಹೊಳೆಯ ಮರಳಿನಲ್ಲಿ ನಡೆಯಿತು. ಧೂಳೆದ್ದು ಸೂರ್ಯ ಚಂದ್ರನಂತಾದ. ಕೂಗು, ಕಹಳೆ ಎಲ್ಲ ಬೇರೆ ಯಾವುದೋ ಊರಿನದೆಂಬಂತೆ ಕೇಳಿಸುತ್ತಿತ್ತು. ತನ್ನವರು ಯಾರು, ಪರರು ಯಾರು ಕಾಣದೆ ಜಟ್ಟಿ ನಿದ್ದೆಯಲ್ಲಿ ನಡೆಯುವವನಂತೆ ನಡೆದ. ಧೂಳಿನೊಳಗಿಂದ ಒಬ್ಬ ಶತ್ರು ಸೈನಿಕ ಕತ್ತಿ ಎತ್ತಿ ಬಂದ. ಜಟ್ಟಿ ಕತ್ತಿಯ ಕೆಳಗೆ ನುಸುಳಿದ. ಕುತ್ತಿಗೆ ಕಂಕುಳಿಗೆ ಸಿಕ್ಕಿತು, ಸೊಂಟ ತಿರುಗಿತು, ಸೈನಿಕನ ಬೆನ್ನು ಮರಳಿಗೆ ತಾಗಿತು.

ತಾಗಿದೊಡನೆ ಜಟ್ಟಿಯ ಹಿಡಿತ ಸಡಿಲಿತು. ಅವನ ಕೈ ಸೈನಿಕನನ್ನು ಎಬ್ಬಿಸಿತು, ಆಚೆ ತಿರುಗಿಸಿ ನಿಲ್ಲಿಸಿತು, ಬೆನ್ನಿನ ಮರಳು ಒರೆಸತೊಡಗಿತು.

ಸೈನಿಕ ಕಣ್ಣು ಮುಚ್ಚಿ ಸಾವಿಗೆ ಕಾದ. ಅದು ಬರಲಿಲ್ಲ. ತಾಯಿ ಎರೆದು ಮೈಯುಜ್ಜಿದ ದಿನಗಳಾದ ಮೇಲೆ ಅವನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.

'ಏನು ಮಾಡ್ತಿದ್ದೀಯೋ ಮಾರಾಯ?'

'ಬೆನ್ನಿಗೆ ಮಣ್ಣಾಯಿತಲ್ಲ. ನೀನು ಸೋತೆ.'

'ನಾನಿನ್ನೂ ಸತ್ತಿಲ್ಲ!'

'ಸೋತೆ ಅಂದೆ. ಸತ್ತೆ ಅಂದೆನೇ?'

ಸೈನಿಕನ ಕತ್ತಿ ಅವನ ಕಾಲ ಬಳಿಯೇ ಬಿದ್ದಿತ್ತು. ಎತ್ತಿಕೊಂಡ. ಆಗ ಜಟ್ಟಿಗೆ ತಾನೆಲ್ಲಿದ್ದೇನೆಂದು ನೆನಪಾಯಿತು. ಅವನ ಕೈ ಬರಿದಾಗಿತ್ತು, ಕತ್ತಿಯ ಮೊನೆ ಎದೆಗೆ ಒತ್ತಿತ್ತು.

'ಸೋತವನು ಮುಂದೇನು ಮಾಡಬೇಕು?' ಎಂದು ಸೈನಿಕ ಕೇಳಿದ.

'ಸ್ನಾನ ಮಾಡಿ ಉಣ್ಣಬೇಕು' ಎಂದ ಜಟ್ಟಿ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಸೈನಿಕ ಮೊನೆಯನ್ನು ಜಟ್ಟಿಯ ಎದೆಯಿಂದ ಇಳಿಸಿದ. ಆಮೇಲೆ ಕತ್ತಿಯನ್ನು ಮರಳಿಗೆ ನೆಟ್ಟು ತನ್ನ ಊರಿನ ದಿಕ್ಕಿಗೆ ನಡೆದ. ಧೂಳು ಅವನನ್ನು ಮುಚ್ಚಿಕೊಂಡಿತು.

ಸಂಜೆ ಅರಸ ಕೇಳಿದ: 'ನೀನು ಕೆಡವಿದವನ ಹೆಣವೆಲ್ಲಿ?'

'ಊಟಕ್ಕೆ ಹೋಗಿದೆ, ಪ್ರಭು.'

ಅರಸ ನಗಲಿಲ್ಲ. ಜಟ್ಟಿಯ ಮನೆತನದ ಬಿರುದು ಕಿತ್ತುಕೊಂಡು ಅವನನ್ನು ದಂಡಿನಿಂದ ಹೊರಗೆ ಹಾಕಿದ. ಜಟ್ಟಿ ದಾರಿಯುದ್ದಕ್ಕೂ ತನ್ನ ಕೈಗಳನ್ನು ನೋಡಿಕೊಳ್ಳುತ್ತ ನಡೆದ. ಅವು ಬೇರೆ ಯಾರದೋ ಕೈಗಳಂತೆ ಕಂಡವು. ಕತ್ತು ಮುರಿಯಬಲ್ಲ ಕೈಗಳೇ. ಮುರಿದಿರಲಿಲ್ಲ.

ಗುರುಮಾತೆ ನಿಲ್ಲಿಸಿದಳು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಮುತ್ತಜ್ಜನ ಕತೆ ಸುಳ್ಳೇ, ತಾಯಿ? ಆ ಪಟ್ಟು ಯುದ್ಧದ್ದಲ್ಲವೇ?"

"ಪಟ್ಟು ಯುದ್ಧದ್ದೇ, ಮಗು. ಅದನ್ನು ಬಿಡುವುದು ಕಲಿಯಲಿಕ್ಕೆ ಗರಡಿ ಕಟ್ಟಬೇಕಾಯಿತು."