ಬೀದಿಗೆ ಹೋದ ಬಿಸಿ

“ಗುರುಗಳೇ, ಮಠದ ಬಾಗಿಲನ್ನು ಒಂದು ಗಳಿಗೆಯಾದರೂ ಮುಚ್ಚಬಾರದೇ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಬೆಳಗಿನಿಂದ ಅವನಿಗೆ ಧ್ಯಾನದಲ್ಲಿ ಮನಸ್ಸು ನಿಂತಿರಲಿಲ್ಲ. ಎಮ್ಮೆ ಕಳೆದುಕೊಂಡವರು, ಸೊಸೆಯ ಮೇಲೆ ಮುನಿದವರು, ಸುಮ್ಮನೆ ಹರಟೆಗೆ ಬಂದವರು, ಒಬ್ಬರ ಹಿಂದೆ ಒಬ್ಬರು. “ಕೂಡಿಟ್ಟ ಶಾಂತಿಯೆಲ್ಲ ಇವರ ಪಾಲಾಗುತ್ತಿದೆ. ನನಗೇನು ಉಳಿಯಿತು?”

ಗುರುಗಳು ನಕ್ಕರು. “ನಿನ್ನಂಥವನೇ ಒಬ್ಬ ನೇಕಾರನಿದ್ದ, ಕೇಳು” ಎಂದು ಶುರುಮಾಡಿದರು.

ಮಾಗಿಯ ಚಳಿ. ನೇಕಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆರಳು ಮರಗಟ್ಟುತ್ತಿತ್ತು. ಹರಿದ ಎಳೆಗೆ ಗಂಟು ಹಾಕಲು ಆಗುತ್ತಿರಲಿಲ್ಲ. ಹೆಂಡತಿ ದಿನವೂ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಬಾಗಿಲು ಅರ್ಧ ತೆರೆದು, ಹೊಸ್ತಿಲ ಹತ್ತಿರ ಇಡುತ್ತಿದ್ದಳು. ಅವಳ ಅತ್ತೆ ಇಡುತ್ತಿದ್ದುದೂ ಅಲ್ಲೇ.

“ಮಹರಾಯ್ತಿ, ನೀನು ಬೆಚ್ಚಗೆ ಮಾಡುತ್ತಿರುವುದು ನನ್ನನ್ನಲ್ಲ, ಬೀದಿಯನ್ನು!” ಎಂದು ಅವನು ರೇಗಿದ.

“ನೂಲಿನಿಂದ ದೂರ ಇರಲಿ, ಗಾಳಿಯಾಡಲಿ” ಎಂದು ಅವಳು ಹಿತ್ತಿಲಿಗೆ ಹೋದಳು.

ಅವನು ಕೇಳಬೇಕಲ್ಲ! ಅಗ್ಗಿಷ್ಟಿಕೆಯನ್ನು ಎತ್ತಿ ಗುಂಡಿಯೊಳಗೆ, ಕಾಲ ಪಕ್ಕದಲ್ಲೇ ಇಟ್ಟುಕೊಂಡ. ಬಾಗಿಲು ಕಿಟಕಿ ಮುಚ್ಚಿದ. ಸಂದಿಗಳಿಗೆಲ್ಲ ಹಳೆಯ ಗೋಣಿ ತುರುಕಿದ. ಆಹಾ, ಎಂಥ ಸುಖ! ಬೆರಳು ಸಡಿಲವಾದವು. ಲಾಳಿ ಸರಸರ ಓಡಿತು. ಒಂದಿಷ್ಟೂ ಬಿಸಿ ಹೊರಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಬೆಚ್ಚಗಿರುವುದಕ್ಕೆ ನಿದ್ದೆ ಬರುತ್ತಿದೆ ಅಂದುಕೊಂಡ.

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಡತಿಗೆ ಮಗ್ಗದ ಸದ್ದು ಕೇಳಿಸದಾಯಿತು. ಕೂಗಿದಳು. ಉತ್ತರವಿಲ್ಲ. ಓಡಿಬಂದು ಬಾಗಿಲಿಗೆ ಹೆಗಲು ಕೊಟ್ಟು ನೂಕಿದಳು. ಗಂಡ ನೇಯ್ದ ಬಟ್ಟೆಯ ಮೇಲೆ ಮುಖವಿಟ್ಟು ಬಿದ್ದಿದ್ದ. ಉಸಿರು ಇತ್ತೋ ಇಲ್ಲವೋ. ಗುಂಡಿಯಲ್ಲಿ ಕೆಂಡವೂ ಕಪ್ಪಾಗಿತ್ತು.

ಅವನನ್ನು ಹೊಸ್ತಿಲವರೆಗೆ ಎಳೆದು ತಂದಳು. ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ನುಗ್ಗಿತು. ಒಳಗೆ ಕೆಂಡ ಮೆಲ್ಲನೆ ಕೆಂಪಾಯಿತು. ಅದೇ ಹೊತ್ತಿಗೆ ಗಂಡನೂ ಉಸಿರೆಳೆದ. ಗಂಡನ ಎದೆಯ ಮೇಲೆ ಕೈಯಿಟ್ಟುಕೊಂಡೇ ಆ ಕೆಂಡದ ಕಡೆ ನೋಡಿದಳು. “ಅಯ್ಯೋ ಶಿವನೇ, ಇಬ್ಬರೂ ಉಣ್ಣುತ್ತಿದ್ದುದು ಒಂದೇ ಗಾಳಿಯನ್ನು!” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಂಗಳದಲ್ಲಿ ಯಾರೋ ಕೆಮ್ಮಿದರು. ಎಮ್ಮೆ ಕಳೆದುಕೊಂಡವನು ಮತ್ತೆ ಬಂದಿದ್ದ. ಮರುಳಯ್ಯ ಎದ್ದು ಅವನಿಗೆ ಚಾಪೆ ಹಾಸಿದ.

“ಪಾಪ, ಇವರಿಗಾಗಿ ಬಾಗಿಲು ತೆರೆದೇ ಇರಬೇಕು, ಗುರುಗಳೇ” ಎಂದ.

“ಅವರಿಗಾಗಿ ಅಂದುಕೊಂಡೆಯಾ, ತಮ್ಮಾ?”

ಮರುಳಯ್ಯ ಬಾಗಿಲನ್ನು ಇನ್ನಷ್ಟು ತೆರೆದು, ತಾನೂ ಆ ಚಾಪೆಯ ಮೇಲೆ ಬಂದು ಕೂತ.